ಕೆಂಪು ನೀರು ಎಲ್ಲಿಗೆ ಹೋಗುತ್ತದೆ?

ಜೋರು ಮಳೆ ನಿಂತ ಮೇಲೆ ನಿಮ್ಮ ಶಾಲೆಯ ಗೋಡೆಯ ಬುಡವನ್ನು ನೋಡಿ. ನೆಲದಿಂದ ಒಂದೆರಡು ಅಡಿ ಎತ್ತರದವರೆಗೂ ಕೆಸರಿನ ಚುಕ್ಕೆಗಳು ಕಾಣುತ್ತವೆ. ನೆಲದಲ್ಲಿದ್ದ ಮಣ್ಣು ಗೋಡೆ ಹತ್ತಿದ್ದು ಹೇಗೆ?

ಅದು ಮಳೆಹನಿಯ ಕೆಲಸ. ದೊಡ್ಡ ಹನಿಯೊಂದು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿಯ ನೆಲವಾದರೆ ಆ ಪೆಟ್ಟಿಗೆ ಮಣ್ಣಿನ ಕಣಗಳು ಸಿಡಿದು ಬಿಡಿಬಿಡಿಯಾಗುತ್ತವೆ. ಹರಿಯುವ ನೀರು ಅವನ್ನು ಹೊತ್ತೊಯ್ಯುತ್ತದೆ. ಇದೇ ಮಣ್ಣಿನ ಸವಕಳಿ. ಹುಲ್ಲು ಬೆಳೆದ ನೆಲದಲ್ಲಿ ಸವಕಳಿ ಬಹಳ ಕಡಿಮೆ. ಎಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ನೀರು ನಿಧಾನವಾಗಿ ಇಂಗುತ್ತದೆ.

ಪಾಯ ತೆಗೆದಾಗ

ಕಟ್ಟಡ ಕಟ್ಟುವಾಗ ಮೊದಲು ಹುಲ್ಲು, ಗಿಡ ಕಿತ್ತು ನೆಲವನ್ನು ಸಮ ಮಾಡುತ್ತಾರೆ. ಪಾಯ ಅಗೆದ ಸಡಿಲ ಮಣ್ಣನ್ನು ರಸ್ತೆಯ ಬದಿಗೆ ಗುಡ್ಡೆ ಹಾಕುತ್ತಾರೆ. ಲಾರಿ ಓಡಾಡಿದ ಜಾಗ ಗಟ್ಟಿಯಾಗಿ, ಅಲ್ಲಿ ನೀರು ಇಂಗುವುದೂ ಕಡಿಮೆಯಾಗುತ್ತದೆ. ಆಗ ಮಳೆ ಬಂದರೆ?

ಒಂದು ಲೆಕ್ಕ ಮಾಡೋಣ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ ಸುಮಾರು 111 ಚದರ ಮೀಟರ್ ಇರುತ್ತದೆ. 2022ರ ಸೆಪ್ಟೆಂಬರ್ 5ರ ಬೆಳಗಿಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ ಸುಮಾರು 130 ಮಿಲಿಮೀಟರ್ ಮಳೆಯಾಯಿತು. ಅಂದರೆ ಇಷ್ಟು ಚಿಕ್ಕ ನಿವೇಶನದ ಮೇಲೆ ಬಿದ್ದದ್ದೇ 14,000 ಲೀಟರಿಗೂ ಹೆಚ್ಚು ನೀರು!

ಆ ನೀರೆಲ್ಲ ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗಬೇಕು. ಬೆಂಗಳೂರಿನ ಕೆರೆಗಳು ಸರಪಳಿಯಂತೆ ಜೋಡಣೆಯಾಗಿವೆ. ಒಂದು ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹರಿಯುತ್ತದೆ. ಆದರೆ ಕಾಲುವೆಯಲ್ಲಿ ಒಂದು ಅಡಿ ಹೂಳು ತುಂಬಿದ್ದರೆ ಅಷ್ಟು ನೀರಿಗೆ ಜಾಗವೇ ಇಲ್ಲ. ಅಂದು ನಗರದ ಪೂರ್ವ ಭಾಗದಲ್ಲಿ ನೀರು ಮನೆಗಳಿಗೆ ನುಗ್ಗಿತು. ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಬಂದರು. ಕಾಲುವೆಗಳ ಒತ್ತುವರಿ, ಕಸ, ಹೂಳು ಎಲ್ಲವೂ ಇದಕ್ಕೆ ಕಾರಣ.

ಮೂರು ಉಪಾಯಗಳು

ಹೊದಿಸುವುದು: ಮಣ್ಣಿನ ಗುಡ್ಡೆಗೆ ಟಾರ್ಪಾಲು ಹೊದಿಸಬೇಕು. ಬರಿಯ ನೆಲಕ್ಕೆ ಒಣಹುಲ್ಲು ಹರಡಬೇಕು. ಇಳಿಜಾರಿನಲ್ಲಿ ಲಾವಂಚದಂತಹ ಆಳವಾಗಿ ಬೇರು ಬಿಡುವ ಹುಲ್ಲು ನೆಡಬಹುದು.

ನಿಧಾನಿಸುವುದು: ನೀರಿನ ವೇಗ ತಗ್ಗಿದರೆ ಅದರ ಹೊರುವ ಶಕ್ತಿಯೂ ತಗ್ಗುತ್ತದೆ. ಅದಕ್ಕೇ ತಗ್ಗಿನ ಕಡೆಯ ಹುಲ್ಲನ್ನು ಕೀಳದೆ ಬಿಡಬೇಕು, ಅಲ್ಲಿ ಮರಳಿನ ಚೀಲಗಳ ಸಾಲು ಇಡಬೇಕು.

ತಂಗಿಸುವುದು: ನೀರು ಹೊರಹೋಗುವ ಮೊದಲು ಒಂದು ಗುಂಡಿಯಲ್ಲಿ ನಿಂತರೆ ಮಣ್ಣು ಅಲ್ಲೇ ತಳ ಸೇರುತ್ತದೆ. ಗುಂಡಿ ತುಂಬಿದಾಗ ಮಣ್ಣನ್ನು ತೆಗೆಯುತ್ತಿರಬೇಕು.

ಮೂರರಲ್ಲಿ ಮೊದಲನೆಯದೇ ಮುಖ್ಯ. ಏಕೆ ಎಂದು ನೀವೇ ಕಂಡುಕೊಳ್ಳಿ.

ಮಾಡಿ ನೋಡಿ

ಗಾಜಿನ ಸೀಸೆಗೆ ಕಾಲು ಭಾಗ ತೋಟದ ಮಣ್ಣು, ಉಳಿದದ್ದು ನೀರು ಹಾಕಿ. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಇಡಿ. ಮರಳು ಕೆಲವೇ ಕ್ಷಣಗಳಲ್ಲಿ ತಳಕ್ಕಿಳಿಯುತ್ತದೆ. ನುಣುಪಾದ ಜೇಡಿಮಣ್ಣು ಮರುದಿನವೂ ನೀರಿನಲ್ಲಿ ತೇಲುತ್ತಿರಬಹುದು. ಒಮ್ಮೆ ನೀರಿಗೆ ಸೇರಿದ ಇಂಥ ಮಣ್ಣನ್ನು ಹಿಡಿಯುವುದು ಕಷ್ಟ; ಎದ್ದೇಳದಂತೆ ಮುಚ್ಚಿಡುವುದು ಸುಲಭ.

ಮುಂದಿನ ಮಳೆಗೆ ನಿಮ್ಮ ಊರಿನಲ್ಲಿ ಕಟ್ಟಡ ಏಳುತ್ತಿರುವ ಕಡೆ ಗಮನಿಸಿ. ಗುಂಡಿಗಳ ಹತ್ತಿರ ಹೋಗಬೇಡಿ, ದೂರದಿಂದಲೇ ನೋಡಿ. ಅಲ್ಲಿಂದ ಹೊರಬರುವ ನೀರು ತಿಳಿಯಾಗಿದೆಯೇ, ಕೆಂಪಾಗಿದೆಯೇ? ಅದು ಯಾವ ಕೆರೆ ಸೇರುತ್ತದೆ?