ಒಂದೂವರೆ ಪರ್ಸೆಂಟ್ ಬೆಳಕಿನಿಂದ ಒಂದು ಪೇಪರ್

ಖಗೋಳ ವಿಜ್ಞಾನದ ಮೇಲೆ ಸೆಮಿನಾರ್ ಪೇಪರ್ ಬರೀಬೇಕು ಅಂದ ತಕ್ಷಣ ನಾವೆಲ್ಲ ಆರಿಸೋದು ‘ಕಪ್ಪುಕುಳಿ’, ‘ಬಿಗ್ ಬ್ಯಾಂಗ್’ ಥರದ ವಿಷಯ. ಅಷ್ಟು ದೊಡ್ಡ ವಿಷಯವನ್ನು ಎಂಟು ಪುಟಕ್ಕೆ ಇಳಿಸಿದರೆ ಉಳಿಯೋದು ಬೇರೆಯವರು ಹೇಳಿದ್ದರ ಸಾರಾಂಶ. ವೈವಾದಲ್ಲಿ ‘ಇದರಲ್ಲಿ ನೀವು ಮಾಡಿದ್ದೇನು?’ ಅಂತ ಕೇಳಿದರೆ ಹೇಳೋಕೆ ಏನೂ ಇರಲ್ಲ. ಅದಕ್ಕೇ ನಮ್ಮ ಸಲಹೆ: ನೀವೇ ಅಳೆಯಬಹುದಾದ ಒಂದು ಸಂಖ್ಯೆಯನ್ನು ಹಿಡಿದುಕೊಳ್ಳಿ.

ಹೊರಗ್ರಹಗಳನ್ನೇ ತಗೊಳ್ಳೋಣ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳು. ‘ಹೊರಗ್ರಹಗಳು’ ಅನ್ನೋದು ವಿಷಯ. ‘ಎಚ್‌ಡಿ 209458 ನಕ್ಷತ್ರದ ಗ್ರಹ ಎಷ್ಟು ದೊಡ್ಡದು?’ ಅನ್ನೋದು ಪ್ರಶ್ನೆ. ಪೇಪರ್‌ಗೆ ಬೇಕಿರೋದು ಪ್ರಶ್ನೆ.

2004 ಮತ್ತು 2012ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಯಿತಲ್ಲ, ಹಾಗೇ ಈ ಗ್ರಹವೂ ಸುಮಾರು 3.5 ದಿನಕ್ಕೊಮ್ಮೆ ತನ್ನ ನಕ್ಷತ್ರದ ಮುಂದೆ ಹಾದುಹೋಗುತ್ತೆ. ಆಗ ಸುಮಾರು 3 ಗಂಟೆ ಕಾಲ ನಕ್ಷತ್ರದ ಬೆಳಕು 1.5%ರಷ್ಟು ಇಳಿಯುತ್ತೆ. 1999ರಲ್ಲಿ ಇದನ್ನು ಮೊದಲು ಗುರುತಿಸಿದ ಎರಡು ತಂಡಗಳಲ್ಲಿ ಒಂದು ಬಳಸಿದ್ದು ಸುಮಾರು 10 ಸೆಂ.ಮೀ. ವ್ಯಾಸದ ಪುಟ್ಟ ದೂರದರ್ಶಕ!

ಲೆಕ್ಕ ಹೈಸ್ಕೂಲಿನದ್ದೇ. ಎಷ್ಟು ಭಾಗ ಬೆಳಕು ಇಳಿಯಿತೋ ಅದರ ವರ್ಗಮೂಲವೇ ಗ್ರಹ ಮತ್ತು ನಕ್ಷತ್ರದ ತ್ರಿಜ್ಯಗಳ ಅನುಪಾತ. 0.015ರ ವರ್ಗಮೂಲ ಸುಮಾರು 0.12. ಆ ನಕ್ಷತ್ರದ ತ್ರಿಜ್ಯ ಸೂರ್ಯನ ಸುಮಾರು 1.2 ಪಟ್ಟು. ಗುಣಿಸಿ, ಗುರುಗ್ರಹಕ್ಕೆ ಹೋಲಿಸಿದರೆ ನಮ್ಮ ಗ್ರಹ ಅದರ ಸುಮಾರು 1.4 ಪಟ್ಟು ಅಗಲ.

ಉತ್ತರ ಬಂತು, ಮುಗೀತಾ? ಇಲ್ಲ, ಪೇಪರ್ ಶುರುವಾಗೋದೇ ಇಲ್ಲಿಂದ. ನಕ್ಷತ್ರದ ತ್ರಿಜ್ಯದಲ್ಲಿ 5% ವ್ಯತ್ಯಾಸ ಇದ್ದರೆ ಗ್ರಹದ್ದರಲ್ಲೂ 5% ಬರುತ್ತೆ. ಬೆಳಕಿನ ಇಳಿಕೆಯನ್ನು ಅಳೆಯೋದರಲ್ಲಿ 10% ಹೆಚ್ಚುಕಮ್ಮಿ ಆದರೆ, ವರ್ಗಮೂಲದಿಂದಾಗಿ ತ್ರಿಜ್ಯದಲ್ಲಿ ಸುಮಾರು 5% ಮಾತ್ರ. ನಕ್ಷತ್ರದ ಬಿಂಬ ನಡುವೆ ಪ್ರಖರ, ಅಂಚಿನಲ್ಲಿ ಮಂಕು. ನಮ್ಮ ಸರಳ ಸೂತ್ರ ಇದನ್ನು ಲೆಕ್ಕಕ್ಕೆ ತಗೊಂಡಿಲ್ಲ. ಇನ್ನು ಹೊಸ ನಕ್ಷತ್ರವಾದರೆ, ಹಿಂದೆ ಎಲ್ಲೋ ಇರುವ ಜೋಡಿ ನಕ್ಷತ್ರಗಳು ಒಂದನ್ನೊಂದು ಮರೆಮಾಡಿದರೂ ಇಂಥದ್ದೇ ಗ್ರಾಫ್ ಬರಬಹುದು. ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಕೊನೇ ಸಾಲಲ್ಲಿ ತೇಲಿಸಿಬಿಡುವ ‘ದೋಷಗಳು’ ಇಲ್ಲಿ ಪೇಪರ್‌ನ ಜೀವ.

ಡೇಟಾ ಎಲ್ಲಿ ಸಿಗುತ್ತೆ? ಕೆಪ್ಲರ್ ಮತ್ತು ಟೆಸ್ ದೂರದರ್ಶಕಗಳ ಅಳತೆಗಳು ಮಾಸ್ಟ್ ಎಂಬ ಸಂಗ್ರಹದಲ್ಲಿ ಎಲ್ಲರಿಗೂ ಉಚಿತ. ಪೈಥಾನ್ ಬಂದರೆ ‘ಲೈಟ್‌ಕರ್ವ್’ ಪ್ಯಾಕೇಜ್‌ನಿಂದ ಒಂದು ಸಂಜೆಯಲ್ಲಿ ಮೊದಲ ಗ್ರಾಫ್ ಬಿಡಿಸಬಹುದು. ಹಳೆಯ ಪೇಪರ್‌ಗಳಿಗೆ ಎಡಿಎಸ್ ಮತ್ತು ಆರ್ಕೈವ್ ಇವೆ. ಒಳ್ಳೇ ಪೇಪರ್ ಒಂದು ಸಿಕ್ಕರೆ, ಅದನ್ನು ಆಮೇಲೆ ಯಾರ‍್ಯಾರು ಉಲ್ಲೇಖಿಸಿದ್ದಾರೆ ಅಂತ ಎಡಿಎಸ್‌ನಲ್ಲಿ ನೋಡಿ. ಆ ಸಂಖ್ಯೆಯನ್ನು ಯಾರಾದರೂ ತಿದ್ದಿದ್ದರೆ ಅಲ್ಲಿ ಗೊತ್ತಾಗುತ್ತೆ. ಓದುವಾಗ ಮೊದಲು ಸಾರಾಂಶ, ಆಮೇಲೆ ಗ್ರಾಫ್‌ಗಳು, ಕೊನೆಗೆ ವಿಧಾನ.

ಬರೆಯೋದು ಇದಕ್ಕೆ ಉಲ್ಟಾ. ಗ್ರಾಫ್ ಮೊದಲು ಸಿದ್ಧವಾಗಲಿ, ನಂತರ ವಿಧಾನ, ಫಲಿತಾಂಶ, ಸಾರಾಂಶ ಕಟ್ಟಕಡೆಗೆ. ವಿಧಾನ ಎಷ್ಟು ಸ್ಪಷ್ಟವಾಗಿರಬೇಕು ಅಂದರೆ, ಪಕ್ಕದ ಬ್ರಾಂಚಿನ ಗೆಳೆಯರು ಅದನ್ನು ಓದಿ ಅದೇ ಡೇಟಾದಿಂದ ಅದೇ ಉತ್ತರ ತೆಗೆಯುವಂತಿರಬೇಕು. ನಿಮ್ಮ ಉತ್ತರ ಪ್ರಕಟವಾದ ಸಂಖ್ಯೆಗಿಂತ ಸ್ವಲ್ಪ ಬೇರೆ ಬಂದರೆ ಎಳೆದು ಸರಿಹೊಂದಿಸಬೇಡಿ. ಯಾಕೆ ಬೇರೆ ಬಂತು ಅಂತ ವಿವರಿಸುವ ಆ ಒಂದು ಪ್ಯಾರಾ ಎಲ್ಲಿಂದಲೂ ಕಾಪಿ ಮಾಡೋಕೆ ಸಿಗಲ್ಲ. ವೈವಾದ ಪ್ರಶ್ನೆಗೆ ಉತ್ತರವೂ ಅದೇ.