ಮನೆಯ ಧ್ವನಿಮುದ್ರಣಕ್ಕೆ ಎಂತಹ ಕೀಬೋರ್ಡು?

ಹಾರ್ಮೋನಿಯಂ ವಾದ್ಯವನ್ನು 1940ರಲ್ಲಿ ನಮ್ಮ ರೇಡಿಯೋ ಕೇಂದ್ರಗಳಿಂದ ಹೊರಗಿಟ್ಟ ಸಂಗತಿ ಹಳೆಯ ಶ್ರೋತೃಗಳಿಗೆ ತಿಳಿದದ್ದೇ. 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ. ಅದರ ಸ್ವರಗಳು ಕಟ್ಟಿಟ್ಟವು, ಗಮಕಕ್ಕೆ ಬಾಗವು ಎಂಬುದು ಮುಖ್ಯ ಆಕ್ಷೇಪಣೆಯಾಗಿತ್ತು. ಮನೆಯ ಒಂದು ಕೋಣೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಲು ಎಲೆಕ್ಟ್ರಾನಿಕ್ ಕೀಬೋರ್ಡು ಕೊಳ್ಳಹೊರಟವರು ಆ ಆಕ್ಷೇಪಣೆಯನ್ನೇ ಮೊದಲು ನೆನೆಯುವುದು ಒಳ್ಳೆಯದು.

ಷಡ್ಜವು ಸೆಕೆಂಡಿಗೆ 240 ಕಂಪನಗಳದಾದರೆ, ತಂಬೂರಿಯೊಡನೆ ಹೊಂದಿ ನಿಲ್ಲುವ ಅಂತರ ಗಾಂಧಾರ 300 ಕಂಪನಗಳದು. ಕೀಬೋರ್ಡಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಅದರ ಗಾಂಧಾರ 302ನ್ನು ದಾಟುತ್ತದೆ. ಎರಡೇ ಕಂಪನ ತಾನೆ ಎನ್ನಬೇಡಿ. ತಂಬೂರಿಯ ಜೊತೆ ಕೇಳಿದರೆ ಕಿವಿಗೆ ಅಲೆ ಬಡಿಯುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ನಮ್ಮ ತಾಯಿಯವರ ಆರತಿ ಹಾಡುಗಳನ್ನು ಮುದ್ರಿಸಿಡಬೇಕೆಂದು, ನೂರಾರು ವಾದ್ಯಗಳ ದನಿ ಬರುತ್ತದೆಂಬ ಅಂಗಡಿಯವರ ಮಾತು ನಂಬಿ, ಥಳಥಳಿಸುವ ಕೀಬೋರ್ಡೊಂದನ್ನು ತಂದೆ. ಅವರು ಹಾಡುತ್ತಿದ್ದಂತೆ ನಾನು ಪ್ರತಿ ಸ್ವರವನ್ನೂ ನುಡಿಸುತ್ತ ಹೋದೆ. ಮೂರನೆಯ ಹಾಡಿನ ಹೊತ್ತಿಗೆ ಅವರು ತಮ್ಮ ಎಳೆತಗಳನ್ನೆಲ್ಲ ಬಿಟ್ಟು, ಪಾಪ, ನನ್ನ ಪೆಟ್ಟಿಗೆಯಂತೆಯೇ ಮನೆಯಿಂದ ಮನೆಗೆ ನೆಗೆಯುತ್ತಿದ್ದರು! ಮರುದಿನ ತಂಬೂರಿ ಶ್ರುತಿಯೊಂದನ್ನೇ ಇಟ್ಟು ಮತ್ತೆ ಹಾಡಿಸಿದೆವು. ಕೀಬೋರ್ಡನ್ನು ಆಮೇಲೆ, ಬೇಕಾದೆಡೆ ಮಾತ್ರ ಸೇರಿಸಿದೆ.

ಆದ್ದರಿಂದ ಎಡಬದಿಯಲ್ಲಿ ಸ್ವರವನ್ನು ಜಾರಿಸುವ ಚಕ್ರ, ಅಂದರೆ ಪಿಚ್ ಬೆಂಡ್, ಇದೆಯೇ ನೋಡಿ. ಗಮಕವನ್ನು ಪೂರ್ತಿ ಅದು ಕೊಡಲಾರದು. ಜಾರುವಿಕೆಯ ಛಾಯೆಯನ್ನಂತೂ ಕೊಟ್ಟೀತು. ಇನ್ನು, ಒಂದೇ ಮನೆಯನ್ನು ಮೆಲ್ಲಗೆ ಒತ್ತಿ, ಬಳಿಕ ಜೋರಾಗಿ ಒತ್ತಿ. ದನಿ ಒಂದೇ ಸಮನಾಗಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಳ್ಳೆಯ ಕೀಬೋರ್ಡು ಬೆರಳಿನ ವೇಗವನ್ನು ಅಳೆದು, 1ರಿಂದ 127ರವರೆಗಿನ ಒಂದು ಅಂಕೆಯಾಗಿ ಕಂಪ್ಯೂಟರಿಗೆ ಕಳುಹಿಸುತ್ತದೆ. ಬೇರೆ ಬೇರೆ ತಯಾರಕರ ಯಂತ್ರಗಳು ಹೀಗೆ ಮಾತಾಡಿಕೊಳ್ಳುವ ಮಿಡಿ ಎಂಬ ಒಪ್ಪಂದ 1983ರಲ್ಲಿ ಬಳಕೆಗೆ ಬಂತು. ಇದರಲ್ಲಿ ದಾಖಲಾಗುವುದು ನಾದವಲ್ಲ, ಒತ್ತಿದ ವಿವರ. ತಪ್ಪಿದ ಸ್ವರವೊಂದನ್ನೇ ಆಮೇಲೆ ತಿದ್ದಬಹುದು.

ಮನೆಗಳ ಸಂಖ್ಯೆಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಿಯಾನೋ ಕಲಿಯುವ ಮಕ್ಕಳಿದ್ದರೆ ಭಾರವುಳ್ಳ 88 ಮನೆಗಳು ಬೇಕು. ಹಾಡಿಗೆ ಜೊತೆ ಕೊಡಲು 49 ಮನೆ, ಅಂದರೆ ನಾಲ್ಕು ಸ್ಥಾಯಿ, ಧಾರಾಳ. ತನ್ನದೇ ದನಿಯಿಲ್ಲದ, ಕಂಪ್ಯೂಟರಿಗೆ ಜೋಡಿಸುವ ಕೀಬೋರ್ಡು ಅಗ್ಗವೂ ಹೌದು, ಚಿಕ್ಕದೂ ಹೌದು. ಆದರೆ ಬೆರಳಿಟ್ಟ ಮೇಲೆ ದನಿ ಬರುವುದು ಸೆಕೆಂಡಿನ ಐವತ್ತರಲ್ಲೊಂದು ಭಾಗ ತಡವಾದರೂ ತಾಳ ಕೆಡುತ್ತದೆ. ಕೊಳ್ಳುವ ಮುನ್ನ ನಿಮ್ಮ ಕಂಪ್ಯೂಟರಿಗೇ ಜೋಡಿಸಿ, ಹೆಡ್‌ಫೋನಿನಲ್ಲಿ ಕೇಳಿನೋಡಿ.