ಮೂರು ಡಬ್ಬಿ ಇದ್ದರೂ ಮೋಟಾರ್ ಆಫ್ ಆಗಲಿಲ್ಲ

ತೋಟದ ಮನೆಗಳಲ್ಲಿ ವೈಫೈ ಈಗ ಬರೀ ವಿಡಿಯೊ ನೋಡೋಕೆ ಅಲ್ಲ. ಪಂಪ್‌ಸೆಟ್ ಸ್ಟಾರ್ಟರ್, ಕೊಟ್ಟಿಗೆ ಕ್ಯಾಮೆರಾ, ಅಡಿಕೆ ಒಣಗಿಸೋ ಅಂಗಳದ ಕ್ಯಾಮೆರಾ ಎಲ್ಲವೂ ಅದಕ್ಕೇ ಜೋತುಬಿದ್ದಿವೆ. ಅದು ಕೈಕೊಟ್ಟರೆ ನಷ್ಟ ಆಗೋದು ತೋಟಕ್ಕೆ.

ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಪ್ಪನ ಮನೆಯಲ್ಲಿ ಕಳೆದ ಬೇಸಿಗೆ ಹಾಗೇ ಆಯಿತು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮಲಗಿದಲ್ಲಿಂದಲೇ ಫೋನಿನಲ್ಲಿ ಮೋಟಾರ್ ಆನ್ ಮಾಡಿದರು. ಆಫ್ ಮಾಡೋಣ ಅಂದ್ರೆ ಆ್ಯಪ್‌ನಲ್ಲಿ ‘ಆಫ್‌ಲೈನ್’. ಟಾರ್ಚ್ ಹಿಡಿದು ತೋಟ ಇಳಿದು ಪಂಪ್‌ಹೌಸ್ ಮುಟ್ಟುವಷ್ಟರಲ್ಲಿ ಬಾವಿಯಲ್ಲಿ ನೀರಿಲ್ಲ, ಕಾಯಿಲ್ ಸುಟ್ಟ ವಾಸನೆ. ರಿವೈಂಡಿಂಗ್ ಆಗಿ ಬರುವವರೆಗೆ ನಾಲ್ಕು ದಿನ ಎಳೇ ಅಡಿಕೆ ಗಿಡಗಳಿಗೆ ನೀರಿಲ್ಲ.

‘ಪ್ಲ್ಯಾನ್ ದೊಡ್ಡದು ಮಾಡಿಸಿದೆ, ಮೂರು ಡಬ್ಬಿ ಹಾಕಿಸಿದೆ. ಇನ್ನೊಂದು ತರನಾ ಮಾರಾಯ?’ ಅಂತ ಕೇಳಿದರು. ಬೇಡ ಚಿಕ್ಕಪ್ಪ, ಮೊದಲು ಇರೋದನ್ನ ನೋಡೋಣ ಅಂದೆ. ಒಂದಕ್ಕಿಂತ ಹೆಚ್ಚು ಡಬ್ಬಿ ಇರೋ ಮನೆಗಳಲ್ಲಿ ನಾನು ನೋಡಿದ ಮಟ್ಟಿಗೆ ತೊಂದರೆ ಹೆಚ್ಚಾಗಿ ಲೈನಿನದ್ದಲ್ಲ. ಡಬ್ಬಿಗಳೇ ಒಂದಕ್ಕೊಂದು ಅಡ್ಡ ಬರ್ತಿರುತ್ತವೆ.

ಇದನ್ನ ತಿಳಿಯೋಕೆ ದುಡ್ಡು ಬೇಡ. ಫೈಬರ್ ಬಂದು ಸೇರೋ ಮುಖ್ಯ ಡಬ್ಬಿ ಬಿಟ್ಟು ಉಳಿದದ್ದನ್ನೆಲ್ಲ ಆಫ್ ಮಾಡಿ. ಫೋನಿನ ಮೊಬೈಲ್ ಡೇಟಾ ಕೂಡ ಆಫ್ ಮಾಡಿ, ಡಬ್ಬಿಯ ಪಕ್ಕ ನಿಂತು ಅದರ ತಳದಲ್ಲಿ ಬರೆದಿರೋ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ. ಸಾಮಾನ್ಯವಾಗಿ 192.168.1.1 ಅಂತ ಇರುತ್ತೆ. ಆ ಪುಟ ತಟ್ಟನೆ ತೆರೆದುಕೊಂಡು ಇಂಟರ್ನೆಟ್ ಮಾತ್ರ ಬರದಿದ್ದರೆ ಲೈನಿನ ತೊಂದರೆ, ಕಂಪನಿಗೆ ಫೋನ್ ಮಾಡಿ. ‘ಎಲ್‌ಒಎಸ್’ ದೀಪ ಕೆಂಪಗಿದ್ದರೆ ಬೆಳಕೇ ಬರ್ತಿಲ್ಲ. ಎಲ್ಲೋ ಫೈಬರ್ ತುಂಡಾಗಿರಬಹುದು. ಎರಡೂ ಚೆನ್ನಾಗಿ ಬಂದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ ಅಂತ ಲೆಕ್ಕ. ಉಳಿದ ಡಬ್ಬಿಗಳನ್ನು ಒಂದೊಂದಾಗಿ ಆನ್ ಮಾಡ್ತಾ ಬನ್ನಿ.

ಚಿಕ್ಕಪ್ಪನ ಮನೆಯಲ್ಲಿ ಕೊಟ್ಟಿಗೆಯ ಡಬ್ಬಿ ಆನ್ ಮಾಡಿದ ಕೂಡಲೇ ಗಲಾಟೆ ಶುರುವಾಯಿತು. ಅದು ಹಳೇ ರೂಟರ್. ಮುಖ್ಯ ಡಬ್ಬಿಯಿಂದ ಕೇಬಲ್ ಎಳೆದು ಹಾಗೇ ಚುಚ್ಚಿದ್ದರು. ಮನೆಯಲ್ಲಿ ಪ್ರತಿ ಫೋನಿಗೂ ಒಂದು ನಂಬರ್ ಹಂಚುವ ಕೆಲಸ ಒಂದೇ ಡಬ್ಬಿಯದ್ದಾಗಿರಬೇಕು. ಅದಕ್ಕೆ ಡಿಎಚ್‌ಸಿಪಿ ಅಂತಾರೆ. ಇಲ್ಲಿ ಎರಡೂ ಹಂಚ್ತಿದ್ದವು, ಎರಡರ ವಿಳಾಸವೂ 192.168.1.1! ಒಂದೇ ಮನೆಗೆ ಇಬ್ಬರು ಯಜಮಾನರು. ಫೋನಿನಲ್ಲಿ ‘ಕನೆಕ್ಟೆಡ್, ನೋ ಇಂಟರ್ನೆಟ್’ ಅಂತ ಆಗಾಗ ಬರ್ತಿದ್ದದ್ದು ಇದಕ್ಕೇ. ಎರಡನೇ ಡಬ್ಬಿಯ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟ್‌ನಲ್ಲೇ ಬಿಟ್ಟೆ. ನಿಮ್ಮ ರೂಟರ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರೆ ಸಾಕು, ಇದೆಲ್ಲ ತಾನೇ ಆಗುತ್ತೆ.

ಆಮೇಲೆ ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲು ಮೂರೇ: 1, 6, 11. ಅಕ್ಕಪಕ್ಕದ ಡಬ್ಬಿಗಳಿಗೆ ಬೇರೆ ಬೇರೆ ಕೊಡಿ, ಅಗಲ 20 ಮೆಗಾಹರ್ಟ್ಸ್ ಇಡಿ. 5 ಗಿಗಾಹರ್ಟ್ಸ್ ವೇಗ ಹೌದು, ಆದರೆ ಗೋಡೆ ದಾಟೋದರಲ್ಲಿ ಸೋಲುತ್ತೆ. ಕಡಿಮೆ ಬೆಲೆಯ ಸ್ಟಾರ್ಟರ್, ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಅದು ಸಿಗೋದೇ ಇಲ್ಲ.

ಇನ್ನು ಫೋನಿನ ಹಟ. ಯಾವ ಡಬ್ಬಿ ಹಿಡಿಯಬೇಕು ಅನ್ನೋದನ್ನ ಮುಖ್ಯವಾಗಿ ತೀರ್ಮಾನಿಸೋದು ಫೋನೇ. ಜಗಲಿಯಲ್ಲಿ ಹಿಡಿದ ಸಿಗ್ನಲನ್ನು ಕೊಟ್ಟಿಗೆಗೆ ಹೋದರೂ ಬಿಡಲ್ಲ, ಪಕ್ಕದಲ್ಲೇ ಇನ್ನೊಂದು ಡಬ್ಬಿ ಇದ್ದರೂ! ಎಲ್ಲ ಡಬ್ಬಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ‘ಟ್ರಾನ್ಸ್‌ಮಿಟ್ ಪವರ್’ ಅಂತ ಇದ್ದರೆ ಮಧ್ಯಮಕ್ಕೆ ಇಳಿಸಿ. ದೂರ ಹೋದಾಗ ಸಿಗ್ನಲ್ ಬೇಗ ಕುಗ್ಗುತ್ತೆ, ಫೋನ್ ಹಳೇ ಡಬ್ಬಿಯನ್ನ ಬಿಡುತ್ತೆ. ಪವರ್ ಇಳಿಸಿದರೆ ವೈಫೈ ಸುಧಾರಿಸುತ್ತೆ ಅಂದ್ರೆ ಚಿಕ್ಕಪ್ಪ ನಂಬಲೇ ಇಲ್ಲ.

ಮೋಟಾರ್ ಸುಡೋಕೆ ದಾರಿ ಮಾಡಿದ್ದು ಮೂರನೇ ಡಬ್ಬಿ, ಪಂಪ್‌ಹೌಸಿನ ರಿಪೀಟರ್. ತಗಡಿನ ಶೆಡ್ಡಿನೊಳಗೆ ಇಟ್ಟಿದ್ದರು. ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿದರೆ ಅಲ್ಲಿಗೆ ಬರೋ ಸಿಗ್ನಲ್ಲೇ ಮೈನಸ್ 84. ಮೈನಸ್ 67ರ ಆಸುಪಾಸು ಇದ್ದರೆ ಚೆನ್ನಾಗಿ ನಡೆಯುತ್ತೆ. 80 ದಾಟಿದರೆ ನಂಬೋ ಹಾಗಿಲ್ಲ. ತನಗೇ ಸಿಗದ್ದನ್ನ ರಿಪೀಟರ್ ಬೇರೆಯವರಿಗೆ ಎಲ್ಲಿಂದ ಹಂಚುತ್ತೆ? ಅದನ್ನ ಸಿಗ್ನಲ್ ಇನ್ನೂ ಗಟ್ಟಿ ಇರೋ ಅರ್ಧ ದಾರಿಯಲ್ಲಿ ಇಡಬೇಕು. ಅಲ್ಲಿಟ್ಟರೂ ಒಂದೇ ಬ್ಯಾಂಡಿನ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ. ನನ್ನ ಕೇಳಿದರೆ ತೋಟಕ್ಕೆ ವೈರೇ ಸರಿ.

ಆದರೆ ಯಾವ ವೈರು? ತಾಮ್ರದ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಮಾತ್ರ. ನಮ್ಮಲ್ಲಿ ಏಪ್ರಿಲ್, ಮೇ ಗುಡುಗು ಸಿಡಿಲಿನ ಕಾಲ ಬೇರೆ; ಬಯಲಲ್ಲಿ ಎಳೆದ ತಾಮ್ರದ ವೈರು ಸಿಡಿಲಿನ ಹೊಡೆತವನ್ನು ನೇರ ಡಬ್ಬಿಗೆ ತಂದುಬಿಡುತ್ತೆ. ಚಿಕ್ಕಪ್ಪನ ಪಂಪ್‌ಹೌಸ್ 150 ಮೀಟರ್ ದೂರ. ಅಲ್ಲಿಗೆ ಫೈಬರ್ ಎಳೆದು, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿದೆವು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೇ ಕತ್ತರಿಸಿ, ಡಬ್ಬಿಯ ಹತ್ತಿರ ತರಬೇಡಿ.

ಕರೆಂಟಿನದ್ದೂ ಒಂದು ಮಾತಿದೆ. ಮನೆಗೆ ಒಂದು ಫೀಡರ್, ಪಂಪ್‌ಸೆಟ್‌ಗೆ ಬೇರೆ ಫೀಡರ್ ಇರೋ ಊರುಗಳಲ್ಲಿ ಮನೆಯ ಕರೆಂಟ್ ಹೋದರೂ ತೋಟದ ಮೋಟಾರ್ ಓಡ್ತಾನೇ ಇರುತ್ತೆ. ಮನೆಯ ಡಬ್ಬಿ ಸತ್ತರೆ ಅದನ್ನು ನಿಲ್ಲಿಸೋರು ಯಾರು? ಮುಖ್ಯ ಡಬ್ಬಿಗೂ ಕನ್ವರ್ಟರ್‌ಗೂ ರೂಟರ್ ಯುಪಿಎಸ್ ಹಾಕಿ. ಕೊಳ್ಳೋ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡ್ಕೊಳ್ಳಿ. ಏನೇ ಮಾಡಿದರೂ ವೈಫೈ ಒಂದನ್ನೇ ನಂಬಿ ಮೋಟಾರ್ ಬಿಡಬೇಡಿ. ನೀರು ಮುಗಿದರೆ ತಾನೇ ನಿಲ್ಲಿಸೋ ಡ್ರೈ ರನ್ ಪ್ರೊಟೆಕ್ಷನ್ ಸ್ಟಾರ್ಟರ್‌ನಲ್ಲೇ ಇರಲಿ. ಚಿಕ್ಕಪ್ಪನ ಸ್ಟಾರ್ಟರ್‌ಗೆ ಈಗ ಅದನ್ನೂ ಹಾಕಿಸಿದ್ದೇವೆ.

ಬೇಸಿಗೆಯಲ್ಲಿ ಎಲ್ಲ ಸರಿಮಾಡಿಕೊಂಡವರು ಮಳೆ ಹಿಡಿದ ಮೇಲೆ ಇನ್ನೊಮ್ಮೆ ಅನಲೈಸರ್ ಹಿಡಿದು ತೋಟ ಸುತ್ತಿ ಬನ್ನಿ. ಒದ್ದೆ ಎಲೆಗಳ ನಡುವೆ ಸಿಗ್ನಲ್ ಇನ್ನಷ್ಟು ಕುಗ್ಗಿರುತ್ತೆ.